ಒರೆಸಬಾರದ ನಾಣ್ಯ

ನಮ್ಮ ಭಾವನಿಗೆ ಅಂಗಡಿಯಲ್ಲಿ ಹಬೆಯಣ್ಣ ಎಂದು ಹೆಸರು. ಕನ್ನಡಕದ ಅಂಗಡಿ ಅದು. ಮುಂದೆ ಕೌಂಟರಿನಲ್ಲಿ ನಾನು, ಹಿಂದಿನ ಕೋಣೆಯಲ್ಲಿ ಗಾಜು ಸವೆಸುವ ಯಂತ್ರದ ಎದುರು ಅವರು. ಗಾಜನ್ನು ಚೌಕಟ್ಟಿನ ಅಳತೆಗೆ ತಂದು, ಕೂರಿಸಿ, ಸಾಸಿವೆಯಷ್ಟಿರುವ ಸ್ಕ್ರೂಗಳನ್ನು ಬಿಗಿದು, ಕೊನೆಗೆ ಬಾಯಿಯ ಹತ್ತಿರ ಹಿಡಿದು 'ಹಾ' ಎಂದು ಉಸಿರು ಬಿಟ್ಟು, ಬಟ್ಟೆಯಲ್ಲಿ ಎರಡು ಸುತ್ತು ಒರೆಸಿ ನನ್ನ ಕೈಗೆ ಕೊಡುವುದು ಅವರ ಕೆಲಸ. ಮೂವತ್ತೊಂದು ವರ್ಷದಿಂದ ಇದೇ. ನಾನು ಹೊರಗಿನಿಂದ "ಆಯ್ತಾ ಭಾವ?" ಎಂದು ಕೇಳುವುದಕ್ಕೂ ಒಳಗಿನಿಂದ 'ಹಾ' ಕೇಳುವುದಕ್ಕೂ ಸರಿಹೋಗುತ್ತಿತ್ತು. ಮನೆಯಲ್ಲೂ ಅಷ್ಟೇ. ಲೋಟ, ಗಡಿಯಾರದ ಗಾಜು, ಬಾಗಿಲ ಹಿಡಿ, ಹೊಳೆಯುವ ಏನು ಸಿಕ್ಕರೂ ಹಾ. ನನ್ನಕ್ಕ ಹೇಳುತ್ತಿದ್ದಳು, "ನನ್ನ ಮುಖ ಹೊಳೆಯಲ್ಲ ಅಂತ ಬಚಾವಾಗಿದೀನಿ ಕಣೋ."

ಇಂಥ ಮನುಷ್ಯ ಹಾಡು ಕಲಿಯಬಹುದಿತ್ತು, ಗಿಡ ಬೆಳೆಸಬಹುದಿತ್ತು, ಇಸ್ಪೀಟು ಆಡಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ. ಹೋಗಿ ಹೋಗಿ ಪ್ರೂಫ್ ನಾಣ್ಯಗಳ ಹುಚ್ಚು ಹಚ್ಚಿಕೊಂಡರು.

ಹಚ್ಚಿಸಿದವರು ಅಂಗಡಿಯ ಹಳೆಯ ಗಿರಾಕಿ, ನಿವೃತ್ತ ಪೋಸ್ಟ್‌ಮಾಸ್ಟರು. ಒಮ್ಮೆ ಅವರ ಮನೆಗೇ ಕನ್ನಡಕ ಕೊಡಲು ಹೋದ ಭಾವನನ್ನು ಕೂರಿಸಿ ಪೆಟ್ಟಿಗೆಯೊಂದನ್ನು ತೆರೆದು ತೋರಿಸಿದರಂತೆ. ಒಳಗೆ ಐದು ನಾಣ್ಯ. ಹಿನ್ನೆಲೆಯ ಬಯಲೆಲ್ಲ ಕನ್ನಡಿಯ ಹಾಗೆ ಹೊಳಪು, ಮೇಲೆದ್ದ ಚಿತ್ರ ಮಾತ್ರ ಹಿಮ ಬಿದ್ದ ಹಾಗೆ ಮಂಕು. "ಇವು ಖರ್ಚು ಮಾಡೋ ನಾಣ್ಯ ಅಲ್ಲಪ್ಪ. ಟಂಕಸಾಲೆಯವರು ಅಚ್ಚನ್ನ ಚೆನ್ನಾಗಿ ಉಜ್ಜಿ, ಒಂದೊಂದಕ್ಕೂ ಎರಡೆರಡು ಸಲ ಒತ್ತು ಕೊಟ್ಟು, ಕೂಡಿಸಿಡೋರಿಗೆ ಅಂತಲೇ ಮಾಡೋದು. ವರ್ಷಕ್ಕೊಂದು ಸೆಟ್ಟು," ಎಂದರಂತೆ. ತಾನು ಒರೆಸದೆಯೇ ಇಷ್ಟು ಹೊಳೆಯುವ ವಸ್ತುವನ್ನು ಭಾವ ಜೀವಮಾನದಲ್ಲಿ ನೋಡಿರಲಿಲ್ಲ. ಅಲ್ಲಿಗೆ ಮುಗಿಯಿತು.

ಆಮೇಲೆ ಆರು ವರ್ಷ, ರಜೆಯ ದಿನ ಬಂತೆಂದರೆ ಪೋಸ್ಟ್‌ಮಾಸ್ಟರ ಮನೆ. ಬಂದ ಮೇಲೆ ನನಗೆ ಪಾಠ. ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಮುಖಕ್ಕೆ ಬೆರಳು ತಾಗಬಾರದು. ತಾಗಿದ ದಿನ ಏನೂ ಕಾಣುವುದಿಲ್ಲ, ತಿಂಗಳುಗಳಾದ ಮೇಲೆ ಅಚ್ಚು ಎದ್ದು ಬರುತ್ತದೆ. ಅದರ ಮುಂದೆ ಮಾತಾಡಬಾರದು, ಎಂಜಲು ಸಿಡಿದರೆ ಕಪ್ಪು ಚುಕ್ಕೆ ಬೀಳುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಕವರು ಬೆವರಿ ನಾಣ್ಯಕ್ಕೆ ಹಸಿರು ಅಂಟು ಹಿಡಿಯುತ್ತದೆ. ರಬ್ಬರ್ ಬ್ಯಾಂಡು ಹತ್ತಿರಕ್ಕೂ ಬರಬಾರದು. ಎಲ್ಲಕ್ಕಿಂತ ಮುಖ್ಯ, ಒರೆಸಬಾರದು. ಒರೆಸಿದರೆ ಕೂದಲೆಳೆಯಂಥ ಗೆರೆಗಳು ಬಿದ್ದು ಕನ್ನಡಿ ಸತ್ತುಹೋಗುತ್ತದೆ.

"ಒರೆಸಬಾರದಾ? ನೀವಾ?" ಎಂದು ನಾನು ನಕ್ಕೆ. ಭಾವ ನಗಲಿಲ್ಲ.

ಪೋಸ್ಟ್‌ಮಾಸ್ಟರು ಈ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಸೂಜಿಮೊನೆಯಷ್ಟು ಚುಕ್ಕೆ ಕಂಡರೂ ಆ ನಾಣ್ಯವನ್ನು ಮಾರಿ ಬೇರೆಯದು ತರಿಸುತ್ತಿದ್ದರು. ಹೀಗೆ ನಲವತ್ತು ವರ್ಷಕ್ಕೂ ಮಿಕ್ಕಿ ಕೂಡಿಸಿಟ್ಟು, ಒಂದು ದಿನ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ತೀರಿಕೊಂಡರು. ಅವರ ಹೆಂಡತಿಯನ್ನು ನಾವು ಅಂಗಡಿಯಲ್ಲಿ, ಅವರಿಗೆ ಕೇಳದ ಹಾಗೆ, ಪೋಸ್ಟಮ್ಮ ಅನ್ನುತ್ತಿದ್ದೆವು. ಗಂಡನ ಆರೈಕೆಯಲ್ಲಿ ತಮ್ಮ ಕಣ್ಣಿನ ಚಿಕಿತ್ಸೆಯನ್ನು ಮುಂದೂಡುತ್ತಾ ಬಂದು, ಈಗ ಎರಡಕ್ಕೂ ಪೊರೆ ಕವಿದು ಎದುರಿಗಿರುವವರ ಮುಖವೂ ಗುರುತಾಗುತ್ತಿರಲಿಲ್ಲ. ನಾಲ್ಕು ತಿಂಗಳ ನಂತರ ಆಪರೇಷನ್ ಎಂದು ದಿನ ಗೊತ್ತಾಗಿತ್ತು. ದೊಡ್ಡ ಮನೆ ಬಿಟ್ಟು ಎರಡು ಕೋಣೆಯ ಮನೆಗೆ ಹೋಗುವವರಿದ್ದರು. ನಾಣ್ಯಗಳನ್ನೆಲ್ಲ ನಾಣ್ಯದ ಅಂಗಡಿಯವನಿಗೆ ಮಾರಲು ಮಾತಾಡಿ, ಅವನು ಬರುವ ಹಿಂದಿನ ದಿನ ಭಾವನಿಗೆ ಹೇಳಿಕಳಿಸಿದರು. ಜೊತೆಗೆ ನಾನೂ ಹೋದೆ.

ಮೇಜಿನ ಮೇಲೆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಪೋಸ್ಟಮ್ಮ ಕೈಯಾಡಿಸಿ, ಎಣಿಸಿ, ಕೆಳಗಿನಿಂದ ಮೂರನೆಯದನ್ನು ಎಳೆದು ತೆಗೆದರು.

"ಇದನ್ನ ಅಂಗಡಿಯವನಿಗೆ ಕೊಟ್ರೆ ಮತ್ತೆ ನನ್ನ ಕಣ್ಣಿಗೆ ಬೀಳಲ್ಲ. ನೀನು ತಗೋ. ಅವನು ಎಷ್ಟು ಹೇಳಿದಾನೋ ಅಷ್ಟೇ ಕೊಡು. ಆದರೆ ಒಂದು ಮಾತಪ್ಪ. ನನ್ನ ಕಣ್ಣಿನ ಪೊರೆ ತೆಗೆದ ಮೇಲೆ ಒಂದು ಸಲ ತಂದು ತೋರಿಸ್ಬೇಕು. ಅದರಲ್ಲಿ ನಾನು ನೋಡೋದು ಒಂದಿದೆ. ಅಲ್ಲಿವರೆಗೂ ಹೇಗಿದೆಯೋ ಹಾಗೇ ಇರಲಿ."

"ಏನು ನೋಡಬೇಕಮ್ಮ?"

"ಮೊದಲು ಕಣ್ಣು ಬರಲಿ."

ಹೇಗಿದೆಯೋ ಹಾಗೇ ಇರಲಿ ಎಂಬ ಆ ಮಾತು ಭಾವನ ನೆಮ್ಮದಿಯನ್ನು ತಿಂದುಹಾಕಿತು. ಅಲ್ಲಿಯವರೆಗೆ ಬೇರೆಯವರ ನಾಣ್ಯ ನೋಡಿ ಸಂತೋಷಪಡುತ್ತಿದ್ದವರು. ಈಗ ಸ್ವಂತದ್ದು ಬಂತು, ಜೊತೆಗೆ ಮಾತೂ ಬಂತು.

ಪೋಸ್ಟ್‌ಮಾಸ್ಟರು ಆ ಪೆಟ್ಟಿಗೆಯ ಐದು ನಾಣ್ಯಗಳನ್ನು ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಫಲಕಗಳ ನಡುವೆ ಕೂರಿಸಿ ನಾಲ್ಕು ಮೂಲೆಗೆ ಸ್ಕ್ರೂ ಹಾಕಿಸಿದ್ದರು. ಒಳಗೆ ಇಟ್ಟಿದ್ದ ಸ್ಪಂಜು ಹಳತಾಗಿ ಪುಡಿಯಾಗುತ್ತಿತ್ತು. ಅದನ್ನು ತೆಗೆಯದೆ ವಿಧಿಯಿಲ್ಲ. ಭಾವ ಹತ್ತಿಯ ಕೈಗವಸು ಹಾಕಿಕೊಂಡು, ಕನ್ನಡಕದ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ, ಉಸಿರು ಬಿಗಿಹಿಡಿದು ಸ್ಪಂಜು ತೆಗೆದು ಮತ್ತೆ ಬಿಗಿದರು. ಎಲ್ಲ ಸಸೂತ್ರ. ಆಮೇಲೆ ಕೈಗವಸು ಕಳಚುವಾಗ ನೋಡುತ್ತಾರೆ, ಬಲಗೈ ಹೆಬ್ಬೆರಳಿನ ಹೊಲಿಗೆ ಬಿಟ್ಟಿದೆ.

"ಮುಟ್ಟಿದ್ನೇನೋ?"

"ಇಲ್ಲ ಭಾವ, ನಾನು ನೋಡ್ತಾನೇ ಇದ್ನಲ್ಲ."

"ನೀನು ನಾಣ್ಯ ನೋಡ್ತಿದ್ಯೋ, ಬೆರಳು ನೋಡ್ತಿದ್ಯೋ?"

ಅಂದಿನಿಂದ ಅವರಿಗೆ ಇದೊಂದೇ ಜಪ.

ಪೆಟ್ಟಿಗೆ ಇಡಲು ಮನೆಯಲ್ಲಿ ಜಾಗ ಹುಡುಕುವುದೇ ಒಂದು ರಾಮಾಯಣವಾಯಿತು. ಮರದ ಕಪಾಟು ಆಗದು, ಮರದ ವಾಸನೆಯಲ್ಲಿ ಹುಳಿ ಇರುತ್ತದೆ. ಅಡುಗೆಮನೆಯ ಗೋಡೆ ಆಗದು, ಬಿಸಿ. ಕಬ್ಬಿಣದ ಬೀರು ಆದೀತು, ಆದರೆ ಅದು ಬಚ್ಚಲುಮನೆಯ ಗೋಡೆಗೆ ಆತಿದೆ, ತೇವ. ಒಂದು ಮುಂಜಾನೆ ನಾವಿಬ್ಬರೂ ಬೀರುವನ್ನು ಎದುರು ಗೋಡೆಗೆ ತಳ್ಳಿದೆವು; ನನ್ನ ಸೊಂಟ ಮೂರು ದಿನ ಮಾತು ಕೇಳಲಿಲ್ಲ. ಆಮೇಲೆ ಸೀರೆಗಳ ನಡುವಿನ ನುಸಿಗುಳಿಗೆಗಳ ಸರದಿ. ಅದರ ಆವಿ ನಾಣ್ಯಕ್ಕೆ ಕೂಡದು ಎಂದು ಎಲ್ಲವನ್ನೂ ಆಯ್ದು ಹೊರಗೆಸೆದರು.

"ನನ್ನ ರೇಷ್ಮೆ ಸೀರೆ ನುಸಿ ತಿಂದ್ರೂ ಪರವಾಗಿಲ್ಲ, ನಿಮ್ಮ ನಾಣ್ಯಕ್ಕೆ ನೆಗಡಿ ಆಗಬಾರದು, ಅಲ್ವಾ?" ಎಂದಳು ಅಕ್ಕ.

"ನನ್ನದಲ್ಲ ಕಣೇ. ಅವರಿಗೆ ತೋರಿಸೋವರೆಗೂ ನನ್ನದಲ್ಲ."

ಗುಳಿಗೆ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಬೀದಿಯ ಔಷಧಿ ಅಂಗಡಿಯವರಿಂದ ಬೇಡಿ ತಂದರು. ಬೆಳಿಗ್ಗೆ ಎದ್ದು ಒಮ್ಮೆ, ಊಟಕ್ಕೆ ಬಂದಾಗ ಒಮ್ಮೆ, ಸಂಜೆ ಒಮ್ಮೆ ಬೀರು ತೆಗೆದು ನೋಡುವುದು. ಎತ್ತಲು ಹೆದರಿಕೆ, ಹಾಗಾಗಿ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಮೇಲಿನಿಂದ ಬಗ್ಗಿ ನೋಡುವುದು. ಕಳ್ಳನ ಹಾಗೆ ಕಾಣುತ್ತಿದ್ದರು, ತಮ್ಮದೇ ಮನೆಯಲ್ಲಿ. ನನಗೆ ನಗು ಬರುತ್ತಿತ್ತು. ಹಾಗೆ ನೋಡಿದರೆ ಸಂಕಟವೂ ಆಗುತ್ತಿತ್ತು, ಏಕೆಂದರೆ ಅವರು ತೆಳ್ಳಗಾಗುತ್ತಿದ್ದರು.

ಮೂರು ತಿಂಗಳು ಕಳೆಯಿತು. ಆಪರೇಷನ್ನಿಗೆ ಇನ್ನು ಇಪ್ಪತ್ತು ದಿನ. ಅಕ್ಕ ಗೆಳತಿಯ ಮನೆಗೆ ಹೋಗಿದ್ದಳು. ಖಾಲಿ ಮನೆಯಲ್ಲಿ ಪೆಟ್ಟಿಗೆ ಬಿಟ್ಟು ಬರಲು ಧೈರ್ಯ ಸಾಲದೆ ಭಾವ ಅದನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟು, ಡಬ್ಬಿಯನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಬಂದರು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು. ಹಿಂದಿನ ಕೋಣೆಯಿಂದ ನನ್ನನ್ನು ಕರೆದರು. ದನಿ ಸರಿಯಿರಲಿಲ್ಲ.

ಸ್ಪಂಜು ತೆಗೆದ ಮೇಲೆ ಮೊದಲ ಸಲ, ಭೂತಗನ್ನಡಿಯ ದೀಪದಡಿಯಲ್ಲಿ ಫಲಕವನ್ನು ಕೈಯಲ್ಲೆತ್ತಿ ಓರೆಯಾಗಿ ಹಿಡಿದಿದ್ದರು. ನಾನೂ ಬಗ್ಗಿ ನೋಡಿದೆ. ದೊಡ್ಡ ಬೆಳ್ಳಿ ನಾಣ್ಯದ ಬಯಲಿನಲ್ಲಿ ತೆಳ್ಳನೆಯ ಮಂಜು. ಮಂಜಿನೊಳಗೆ ಸುತ್ತು ಸುತ್ತು ಗೆರೆ. ಎದುರಿನಿಂದ ನೋಡಿದರೆ ಏನೂ ಇಲ್ಲ, ಓರೆ ಮಾಡಿದರೆ ಇದೆ.

"ಹೆಬ್ಬೆರಳು," ಎಂದರು ಭಾವ. "ಅವತ್ತೇ ಹೇಳಲಿಲ್ವಾ ನಾನು?"

ನಾನು ಮತ್ತೊಮ್ಮೆ ಬಗ್ಗಿ ನೋಡಿದೆ; ಗೆರೆ ಅಲ್ಲೇ ಇತ್ತು. ಆದರೂ ಹೇಳಿದೆ, "ಪ್ಲಾಸ್ಟಿಕ್ಕಿನ ಒಳಮೈ ಮೇಲೂ ಇರಬಹುದಲ್ಲ ಭಾವ?"

ಅವರ ಮುಖದಲ್ಲಿ ಒಂದಿಷ್ಟು ಜೀವ ಬಂತು. ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಹೊಸ ಕೈಗವಸು ಹಾಕಿಕೊಂಡು, ಸ್ಕ್ರೂ ಬಿಚ್ಚಿ, ದೊಡ್ಡ ನಾಣ್ಯವನ್ನು ಹೊರಗೆತ್ತಿದರು. ಅಷ್ಟರಲ್ಲಿ ಕೌಂಟರಿಗೆ ಗಿರಾಕಿಯೊಬ್ಬರು ಬಂದು, ನಿನ್ನೆ ಕೊಟ್ಟ ಕನ್ನಡಕ ಸಿದ್ಧವಾಯಿತೇ ಎಂದರು. ನಾನು ಎದ್ದು ಹೋದೆ. ಎಂದಿನ ಹಾಗೆ, ಏನೂ ಯೋಚಿಸದೆ, ಒಳಕ್ಕೆ ಕೂಗಿದೆ.

"ಆಯ್ತಾ ಭಾವ?"

ಒಳಗಿನಿಂದ 'ಹಾ' ಕೇಳಿಸಿತು.

ಓಡಿ ಬಾಗಿಲಿಗೆ ಬಂದೆ. ಭಾವ ಕುರ್ಚಿಯಲ್ಲಿ ನನ್ನ ಕಡೆ ತಿರುಗಿ ಕೈ ಚಾಚಿದ್ದರು. ಬೆರಳುಗಳ ನಡುವೆ ನಾಣ್ಯ. ಇನ್ನೊಂದು ಕೈಯಲ್ಲಿ ಗಾಜು ಒರೆಸುವ ಬಟ್ಟೆ. ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಬಟ್ಟೆಯನ್ನು ನೋಡಿದರು. ತಾವೇನು ಮಾಡಿದೆವೆಂದು ಅವರಿಗೇ ಆಗ ಗೊತ್ತಾದದ್ದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ನಿಮಿಷವೂ ಹಿಡಿಯಲಿಲ್ಲ. ದಿನವಿಡೀ ಗಾಜಿನ ಪುಡಿ ಕುಡಿದ ಬಟ್ಟೆ ಅದು. ದೀಪದಡಿ ಹಿಡಿದರೆ ಕನ್ನಡಿಯ ತುಂಬ ಸುತ್ತು ಗೆರೆಗಳು. ಬೆರಳಚ್ಚು ಮಾತ್ರ ಇದ್ದ ಹಾಗೇ ಇತ್ತು. ಅದು ಲೋಹದೊಳಗೇ ಇಳಿದಿತ್ತು.

ಆ ಎರಡು ಪದವನ್ನು ನಾನು ನುಂಗಿಕೊಂಡಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ.

ಅಂದಿನಿಂದ ಭಾವ ಗಾಜಿಗೂ ಹಾ ಅನ್ನುವುದನ್ನು ಬಿಟ್ಟರು. ಒಣ ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದರು. ಕನ್ನಡಕ ಮಸುಕು ಎಂದು ಗಿರಾಕಿಗಳು ನನ್ನ ಮೇಲೆ ರೇಗುತ್ತಿದ್ದರು. ತಮ್ಮ ಹೆಬ್ಬೆರಳಿಗೆ ಮಸಿ ಹಚ್ಚಿ ಕಾಗದಕ್ಕೊತ್ತಿ, ಭೂತಗನ್ನಡಿಯಲ್ಲಿ ನಾಣ್ಯದ ಅಚ್ಚಿನ ಜೊತೆ ಹೋಲಿಸಿ ನೋಡಿದರು. ಒರೆಸಿದ ಗೆರೆಗಳ ನಡುವೆ ಯಾವುದು ಯಾವುದೆಂದು ತಿಳಿಯಲಿಲ್ಲ. ತಿಳಿಯದಿದ್ದುದರಿಂದ ತಮ್ಮದೇ ಎಂದು ತೀರ್ಮಾನಿಸಿದರು. ಅವರ ಸ್ವಭಾವವೇ ಹಾಗೆ.

"ಪೋಸ್ಟಮ್ಮನಿಗೆ ಎಪ್ಪತ್ತರ ಹತ್ತಿರ ಭಾವ. ಇಷ್ಟು ಸಣ್ಣ ಗೆರೆ ಎಲ್ಲಿ ಕಾಣುತ್ತೆ?" ಎಂದೆ.

"ಕಾಣೋ ಹಾಗೆ ಕನ್ನಡಕ ಮಾಡಿಕೊಡೋನು ಯಾರು? ನಾನೇ ಅಲ್ವೇನೋ?"

ಕೊನೆಗೆ ನಾವಿಬ್ಬರೂ ನಾಣ್ಯದ ಅಂಗಡಿಯ ಮೆಟ್ಟಿಲು ಹತ್ತಿದೆವು. ಅದೇ ವರ್ಷದ ಸೆಟ್ಟು ಇದೆಯೇ ಎಂದರೆ ಅಂಗಡಿಯವನು ನಗುನಗುತ್ತಾ ಒಂದನ್ನು ಮುಂದಿಟ್ಟ. ಭಾವ ಕಿಟಕಿಯ ಬೆಳಕಿಗೆ ಓರೆ ಹಿಡಿದು ಅರೆಕ್ಷಣ ನೋಡಿ ವಾಪಸು ಕೊಟ್ಟರು. "ಇದು ಮಾಮೂಲಿ ನಾಣ್ಯ. ಯಂತ್ರದಲ್ಲಿ ಉಜ್ಜಿ ಹೊಳಪು ಕೊಟ್ಟಿದೀರಿ. ಅಕ್ಷರದ ಅಂಚೆಲ್ಲ ಸವೆದು ದುಂಡಗಾಗಿದೆ. ಉಜ್ಜೋದು ನನ್ನ ಕಸುಬು ಸ್ವಾಮಿ." ಅಂಗಡಿಯವನ ನಗು ನಿಂತಿತು. ಎರಡನೆಯದು ಒಳಗಿನ ಕಪಾಟಿನಿಂದ ಬಂತು. ಒಂದೊಂದು ನಾಣ್ಯಕ್ಕೂ ಗಟ್ಟಿ ಪ್ಲಾಸ್ಟಿಕ್ಕಿನ ದುಂಡನೆಯ ಡಬ್ಬಿ. ಅಪ್ಪಟ. ಸ್ಕೂಟರಿಗೆಂದು ಭಾವ ಎತ್ತಿಟ್ಟಿದ್ದ ದುಡ್ಡು ಅಲ್ಲಿಗೆ ಖಾಲಿಯಾಯಿತು.

ಹೊಸ ಸೆಟ್ಟಿನ ದೊಡ್ಡ ನಾಣ್ಯವನ್ನು ಪೋಸ್ಟ್‌ಮಾಸ್ಟರ ಫಲಕಕ್ಕೆ ಹಾಕುವಾಗ ನನ್ನನ್ನು ಮನೆಯಿಂದಲೇ ಆಚೆ ಕಳಿಸಿದರು. ಬೀದಿಯಲ್ಲಿ ನಿಂತಿದ್ದರೂ ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದೆ. ಹಳೆಯ ನಾಣ್ಯ ದುಂಡನೆಯ ಡಬ್ಬಿ ಸೇರಿ ಬೀರುವಿನ ಮೂಲೆಗೆ ಹೋಯಿತು. ಈಗ ಫಲಕ ನೋಡಿದರೆ ದೋಷವಿಲ್ಲ, ಚುಕ್ಕೆಯಿಲ್ಲ. ಭಾವನ ಕಳವಳ ಮಾತ್ರ ಎರಡು ಪಟ್ಟಾಯಿತು. ಮೊದಲು ಕೆಡಿಸಿದ ಭಯವಿತ್ತು, ಈಗ ಮೋಸದ ಭಯವೂ ಸೇರಿತು.

ಆಪರೇಷನ್ ಚೆನ್ನಾಗಿ ಆಯಿತು. ಕಣ್ಣು ವಾಸಿಯಾದ ಮೇಲೆ ಹೊಸ ನಂಬರು ಬಂತು, ಭಾವ ಕನ್ನಡಕ ಸಿದ್ಧಮಾಡಿದರು. ಅದನ್ನೂ ಪೆಟ್ಟಿಗೆಯನ್ನೂ ಹಿಡಿದು ಹೊರಟಾಗ ಅಕ್ಕ ಬಾಗಿಲಲ್ಲಿ ಅಡ್ಡ ನಿಂತಳು. ಕೈಯಲ್ಲಿ ದುಂಡನೆಯ ಡಬ್ಬಿ.

"ರೀ, ಇದನ್ನೂ ಚೀಲದಲ್ಲಿ ಇಟ್ಕೊಳ್ಳಿ."

"ಅದ್ಯಾಕೆ?"

"ಸುಳ್ಳು ಹೇಳೋಕೆ ನಿಮಗೆ ಬರಲ್ಲ. ಅಲ್ಲಿ ಹೋಗಿ ಒದ್ದಾಡ್ತೀರಿ. ಇಟ್ಕೊಳ್ಳಿ."

ಪೋಸ್ಟಮ್ಮನ ಹೊಸ ಮನೆಯಲ್ಲಿ ಒಂದು ಮಂಚ, ಎರಡು ಕುರ್ಚಿ, ಬೀದಿಗೆ ತೆರೆಯುವ ಒಂದು ಕಿಟಕಿ. ಕನ್ನಡಕ ಹಾಕಿಕೊಂಡು ಮೊದಲು ನಮ್ಮನ್ನು ನೋಡಿದರು. "ಅಯ್ಯೋ, ನಿನ್ನ ತಲೆ ಯಾವಾಗಪ್ಪ ಬೆಳ್ಳಗಾಯ್ತು?" ಎಂದು ಭಾವನಿಗೆ ಹೇಳಿ ನಕ್ಕರು. ಭಾವನೂ ನಗಲು ನೋಡಿದರು, ನಗು ಬರಲಿಲ್ಲ. ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟರು.

ಪೋಸ್ಟಮ್ಮ ಫಲಕ ತೆಗೆದು ಕಿಟಕಿಗೆ ಹೋದರು. ಗಂಡ ಹಿಡಿಯುತ್ತಿದ್ದ ಹಾಗೇ ಓರೆಯಾಗಿ ಹಿಡಿದರು. ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದದ್ದಕ್ಕೆ ಭಾವ ಬೆಚ್ಚಿಬಿದ್ದರು. ಪೋಸ್ಟಮ್ಮ ಮತ್ತೊಮ್ಮೆ ವಾಲಿಸಿ ನೋಡಿ, ಬಂದು ಮಂಚದ ಮೇಲೆ ಕುಳಿತರು.

"ಇಲ್ಲ," ಎಂದರು. "ಬದಲಾಯಿಸಿಬಿಟ್ಟಿದಾರೆ."

"ಏನಮ್ಮ?"

"ಮದುವೆ ಆದ ಹೊಸದಪ್ಪ. ಮನೇಲಿ ಇನ್ನೂ ಒಂದು ಕನ್ನಡಿ ಕೂಡ ಇರಲಿಲ್ಲ. ಈ ಸೆಟ್ಟು ಪೋಸ್ಟಲ್ಲಿ ಬಂದಿತ್ತು. ಇವರು ಆಫೀಸಿಗೆ ಹೋದ ಮೇಲೆ ದೊಡ್ಡ ನಾಣ್ಯ ತೆಗೆದು ಮುಖ ನೋಡ್ಕೊಂಡೆ, ತಲೆ ಬಾಚ್ಕೊಂಡೆ. ಕೆಲವು ತಿಂಗಳಾದ ಮೇಲೆ ಅವರು ತೆಗೆದು ನೋಡಿದ್ರೆ ನನ್ನ ಹೆಬ್ಬೆರಳಿನ ಅಚ್ಚು ಅದರ ಮೇಲೆ. ಅವರು ಬೈಲಿಲ್ಲ. 'ಇದನ್ನ ಬದಲಾಯಿಸಬೇಕು' ಅಂದ್ರು, ಅಷ್ಟೆ. ಅವತ್ತಿಂದ ಆ ಪೆಟ್ಟಿಗೆ ನನ್ನ ಮುಂದೆ ತೆಗೀಲೇ ಇಲ್ಲ. ಒಂದು ಚುಕ್ಕೆ ಇದ್ರೂ ಇಟ್ಕೊಳ್ಳೋ ಮನುಷ್ಯ ಅಲ್ಲ, ನಿನಗೂ ಗೊತ್ತು. ಆದರೂ ನನ್ನ ಅಚ್ಚು ಅಂತ ಇಟ್ಕೊಂಡಿರಬಹುದೇನೋ ಅಂತ ಒಂದು ಆಸೆ. ನಲವತ್ತೆರಡು ವರ್ಷ, ಕೇಳೋಕೂ ಭಯ, ತೆಗೆದು ನೋಡೋಕೂ ಭಯ."

ಫಲಕವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. "ಹೋಗಲಿ ಬಿಡು. ಅವರ ಗುಣವೇ ಅಷ್ಟು. ತಗೊಂಡು ಹೋಗಪ್ಪ, ಚೆನ್ನಾಗಿ ಇಟ್ಕೊಂಡಿದೀಯ."

ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಮಾಧಾನ. ಸಿಕ್ಕಿಬೀಳಲಿಲ್ಲ. ಪೆಟ್ಟಿಗೆ ತೆಗೆದುಕೊಂಡು ಎದ್ದರೆ ಮುಗಿಯಿತು. ಭಾವನ ಕಾಲನ್ನು ನನ್ನ ಕಾಲಿನಿಂದ ಒತ್ತಿದೆ. ಆಮೇಲೆ ಪೋಸ್ಟಮ್ಮನ ಮುಖ ನೋಡಿ ಕಾಲು ಹಿಂದಕ್ಕೆಳೆದುಕೊಂಡೆ. ನಾಚಿಕೆಯಾಯಿತು.

"ಅಮ್ಮ," ಎಂದರು ಭಾವ. "ಬದಲಾಯಿಸಿದ್ದು ಅವರಲ್ಲ. ನಾನು."

ಎಲ್ಲವನ್ನೂ ಹೇಳಿದರು. ಕೈಗವಸಿನ ಹೊಲಿಗೆ, ಮಂಜು, ಹಾ, ಒರೆಸಿದ್ದು, ಅಂಗಡಿಯವನು. ನನ್ನ 'ಆಯ್ತಾ' ಒಂದನ್ನು ಬಿಟ್ಟರು. ಅದನ್ನು ನಾನೇ ಸೇರಿಸಿದೆ. ಪೋಸ್ಟಮ್ಮ ಅರ್ಧ ಕೇಳುವ ಮೊದಲೇ ಕೈ ಚಾಚಿದ್ದರು.

"ಎಲ್ಲಿ ಅದು?"

ಭಾವ ಚೀಲದಿಂದ ದುಂಡನೆಯ ಡಬ್ಬಿ ತೆಗೆದು ಕೊಟ್ಟರು. ಪೋಸ್ಟಮ್ಮ ಮುಚ್ಚಳ ಬಿಚ್ಚಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕಿಟಕಿಗೆ ವಾಲಿಸಿದರು.

"ಇದೆ," ಎಂದರು.

ತಮ್ಮ ಹೆಬ್ಬೆರಳನ್ನು ತಂದು ಅಚ್ಚಿನ ಮೇಲೆ ನೇರವಾಗಿ ಇಟ್ಟರು. ಭಾವ ಅಭ್ಯಾಸಬಲದಿಂದ 'ಅಯ್ಯೋ' ಎಂದು ತಡೆಯಲು ಹೋಗಿ ಕೈ ಹಿಂದಕ್ಕೆಳೆದುಕೊಂಡರು.

"ಇಷ್ಟು ವರ್ಷ ಇಟ್ಕೊಂಡಿದ್ರು," ಎಂದರು ಪೋಸ್ಟಮ್ಮ. "ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ಆ ಮನುಷ್ಯನಿಗೆ!" ಗಂಡನನ್ನು ಬೈಯುತ್ತಲೇ ಅಳತೊಡಗಿದರು.

"ನಾನು ಒರೆಸಿದ ಗೆರೆ ಹೋಗಲ್ಲಮ್ಮ," ಎಂದರು ಭಾವ. ಅವರ ಕಣ್ಣೂ ತುಂಬಿತ್ತು.

"ಇರಲಿ ಬಿಡೋ. ಅಚ್ಚು ಹೋಗಲಿಲ್ಲವಲ್ಲ." ನಾಣ್ಯವನ್ನು ಮತ್ತೆ ಬೆಳಕಿಗೆ ಹಿಡಿದರು. ಕನ್ನಡಕ ಒದ್ದೆಯಾಗಿ ಏನೂ ಕಾಣಲಿಲ್ಲವೇನೋ, ತೆಗೆದು ಭಾವನ ಕೈಗೆ ಕೊಟ್ಟರು.

ಭಾವ ಅದನ್ನು ಬಾಯಿಯ ಹತ್ತಿರ ಹಿಡಿದು 'ಹಾ' ಎಂದರು. ಎರಡು ಸುತ್ತು ಒರೆಸಿ ವಾಪಸು ಕೊಟ್ಟರು.